ಒಂದು ಕಲ್ಲಿನಗಲ

ಹಾಸುಗಲ್ಲಿನ ಹಾದಿ ಮುಗಿಯಲು ಇನ್ನು ಇನ್ನೂರು ಹೆಜ್ಜೆ ಇದೆ ಎನ್ನುವಾಗ ಎದುರಿನಿಂದ ಒಬ್ಬ ಮನುಷ್ಯ ಬರುವುದು ಮ್ಯೂರಿಯಲ್‌ಗೆ ಕಾಣಿಸಿತು. ಹಾದಿಯ ಅಗಲ ಒಂದೇ ಕಲ್ಲು. ಎರಡೂ ಪಕ್ಕ ಕಪ್ಪು ಜೌಗು, ಅದರ ಮೇಲೆ ಏನೂ ಅರಿಯದಂತೆ ತಲೆದೂಗುವ ಬಿಳಿ ಹುಲ್ಲು.

ಹಾದಿಯ ಆ ತುದಿಯಲ್ಲಿ, ಕುರಿಬೇಲಿ ದಾಟುವ ಮರದ ಮೆಟ್ಟಿಲ ಮೇಲೆ ಕ್ಲಿಫರ್ಡ್ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ. ಈ ಕೆಳಗಿನ ಜೌಗಿಗೇನೋ ಕಲ್ಲು ಬಿದ್ದಾಗಿತ್ತು. ಶಿಖರದ ಬುಡದ ಜೌಗಿಗೂ ಹಾಸಬೇಕೆಂದು ಊರಿನ ಚಾರಣ ಸಂಘದ ಸಮಿತಿಯಲ್ಲಿ ಮೂರು ಕೈ ಎದ್ದಿದ್ದವು, ಬೇಡವೆಂದು ಮೂರು. ಏಳನೆಯ ಕೈ ಕ್ಲಿಫರ್ಡನದು. ಅದು ಎರಡು ತಿಂಗಳಿಂದ ಅವನ ಜೇಬಿನಿಂದ ಹೊರಗೆ ಬಂದಿರಲಿಲ್ಲ.

ಮ್ಯೂರಿಯಲ್ ಮತ್ತು ಅವನು ಒಂದೇ ಶಾಲೆಯ ಒಂದೇ ಬೆಂಚಿನವರು. ಬೆಳಿಗ್ಗೆ ಬೇಕರಿಯ ಮುಂದೆ ಸಿಕ್ಕಾಗ ಅವನೇ ಕೆಣಕಿದ್ದ. "ಬೂಟಿನೊಳಗೆ ಪಚಪಚ ಅನ್ನದೇ ಇದ್ರೆ ಅದು ಬೆಟ್ಟ ಅಲ್ಲ ಕಣೇ, ಪಾರ್ಕು. ಹೋಗ್ಲಿ, ನಿನ್ನ ಕಲ್ಲಿಂದ ಬಂದ ಭಾಗ್ಯವಾದ್ರೂ ಏನು? ಮುಚ್ಚಿದ ಗಿರಣಿ ನೆಲದ ಚಪ್ಪಡಿ ಕೀಳಿಸ್ದೆ, ಹೆಲಿಕಾಪ್ಟರಲ್ಲಿ ಮೆರವಣಿಗೆ ಮಾಡಿ ತರಿಸ್ದೆ. ಮೂರು ಭಾನುವಾರದಿಂದ ಕೂತು ನೋಡ್ತಿದೀನಿ, ದಾಟಿ ಬಂದೋರೆಲ್ಲ ಹೊರಳಾಡಿದ ಹಂದಿ ಥರಾನೇ ಬರ್ತಾರೆ."

"ಕಲ್ಲು ಗಟ್ಟಿಯಾಗೇ ಇದೆಯಲ್ಲೋ! ಅದ್ಹೆಂಗೆ ಕೆಸರಾಗತ್ತೆ?"

"ನನ್ನೇನು ಕೇಳ್ತೀಯ? ಅವರನ್ನ ಕೇಳಿದ್ರೂ ಬಾಯಿ ಬಿಡಲ್ಲ, ಕೆಂಪಗಾಗಿ ಹೊರಟುಹೋಗ್ತಾರೆ. ಆ ಹಾದೀಲಿ ಬಂದ ಒಣ ಕಾಲು ಒಂದೇ ಒಂದು ಸಲ ತೋರ್ಸು, ನಿಂತ ಜಾಗದಲ್ಲೇ ಕೈ ಎತ್ತಿಬಿಡ್ತೀನಿ."

ಅದಕ್ಕೇ ಮ್ಯೂರಿಯಲ್ ಬಿಳಿ ಕಾಲುಚೀಲ ಹಾಕಿಕೊಂಡು ತಾನೇ ಹೊರಟಿದ್ದಳು. ಹಟಕ್ಕಲ್ಲ. ಅಕ್ಕ ಫಿಲಿಸ್‌ಳ ಮೊಣಕಾಲು ಸೋತು ಆರು ವರ್ಷವಾಗಿತ್ತು. ಮೇಲಿನವರೆಗೂ ಕಲ್ಲಿದ್ದರೆ ಎರಡು ಕೋಲೂರಿಕೊಂಡಾದರೂ ಬರುತ್ತೇನೆ, ಇನ್ನೊಂದೇ ಒಂದು ಸಲ ಶಿಖರದ ಗಾಳಿಗೆ ಬೆನ್ನು ಕೊಟ್ಟು ಕೂತು ಪೋರ್ಕ್ ಪೈ ತಿನ್ನದೆ ಸಾಯುವುದಿಲ್ಲ ಎಂದು ಅವಳು ಡಾಕ್ಟರಿಗೂ ಹೇಳಿಬಿಟ್ಟಿದ್ದಳು.

ಎದುರಿನವನು ಹತ್ತಿರ ಬಂದ. ಫಾರ್ಮಿನ ರಸ್ತೆಯ ಕಡೆಯಿಂದ ಬಂದವನು, ಬೂಟು ಇನ್ನೂ ಫಳಫಳ ಹೊಳೆಯುತ್ತಿತ್ತು. ಇಬ್ಬರೂ ಪಕ್ಕಕ್ಕೆ ತಿರುಗಿ ಹೊಟ್ಟೆ ಒಳಗೆಳೆದುಕೊಂಡರೆ ದಾಟಬಹುದಿತ್ತು. ಆದರೆ ಗುರುತಿಲ್ಲದವರ ಹೊಟ್ಟೆಗೆ ಹೊಟ್ಟೆ ತಾಗಿಸುವುದೆಂದರೆ ಆ ಸೀಮೆಯಲ್ಲಿ ಅವರ ಹಲ್ಲಿನ ಬ್ರಷ್ಷನ್ನು ತನ್ನ ಬಾಯಿಗಿಟ್ಟುಕೊಂಡಂತೆ. ಇವತ್ತು ಮಾತ್ರ ಜಾಗ ಬಿಡುವುದಿಲ್ಲ ಎಂದು ಮ್ಯೂರಿಯಲ್ ಹಲ್ಲು ಕಚ್ಚಿದಳು. 'ಒಂಚೂರು ಹಿಂದಕ್ಕೆ ಹೋಗ್ತೀರಾ?' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ಆ ಮನುಷ್ಯ ಟೊಪ್ಪಿ ಎತ್ತಿ ನಕ್ಕ. ಅಷ್ಟೆ.

"ಛೆ ಛೆ, ನೀವು ಬನ್ನಿ," ಎಂದಳು ಮ್ಯೂರಿಯಲ್. ಅವಳ ಎಡಗಾಲು ಅವಳನ್ನು ಒಂದು ಮಾತೂ ಕೇಳದೆ ಪಕ್ಕಕ್ಕೆ ಇಳಿಯಿತು.

"ಅಯ್ಯೋ, ಎಲ್ಲಾದ್ರೂ ಉಂಟೇ! ಮೊದ್ಲು ನೀವು," ಎಂದು ಅವನೂ ಅದೇ ಗಳಿಗೆಯಲ್ಲಿ ಇನ್ನೊಂದು ಪಕ್ಕಕ್ಕೆ ಇಳಿದ.

ಗುಳಕ್. ಗುಳಕ್.

ನಡುವೆ ಕಲ್ಲು ಖಾಲಿಯಾಗಿ, ಒಣಗಿ, ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಕ್ಷಮಿಸಿ, ನನ್ನಿಂದ ನಿಮಗೆ ತೊಂದ್ರೆ ಆಯ್ತು," ಎಂದ ಅವನು, ತೊಡೆಯವರೆಗೆ ಹೂತು.

"ಇಲ್ಲ ಇಲ್ಲ, ತಪ್ಪು ನಂದೇ." ಮೂರು ಭಾನುವಾರಗಳ ಹಂದಿಗಳು ಹೇಗೆ ಹುಟ್ಟಿದವೆಂದು ಮ್ಯೂರಿಯಲ್‌ಗೆ ಈಗ ಹೊಳೆಯಿತು. ಅಳು ಬರುವಂತಾಯಿತು. "ಹತ್ತಿ ಮೇಲೆ."

"ನೀವು ಹತ್ತದೆ ನಾನು ಹೆಂಗೆ ಹತ್ಲಿ?"

ಅಷ್ಟರಲ್ಲಿ ಮ್ಯೂರಿಯಲ್ ನಡೆದು ಬಂದ ದಾರಿಯಲ್ಲೇ ಕಪ್ಪು ಮುಖದ ಒಂದು ಕುರಿ ಬಂತು. ನಿಂತು ಅವಳನ್ನು ನೋಡಿತು, ಅವನನ್ನು ನೋಡಿತು. ಯಾರಿಗೂ ದಾರಿ ಬಿಡದೆ, ಯಾರ ಕ್ಷಮೆಯನ್ನೂ ಕೇಳದೆ ಇಬ್ಬರ ನಡುವೆ ಕಲ್ಲಿನಿಂದ ಕಲ್ಲಿಗೆ ಟಕಟಕ ನಡೆದು ಆ ತುದಿ ಸೇರಿತು.

ಕ್ಲಿಫರ್ಡ್ ಚಹಾ ಕೆಳಗಿಟ್ಟ. ಬಗ್ಗಿ ಕುರಿಯ ಮುಂಗಾಲುಗಳನ್ನು ನೋಡಿದ. ಸುತ್ತು ಹಾಕಿ ಬಂದು ಹಿಂಗಾಲುಗಳನ್ನೂ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದ. ನಾಲ್ಕೂ ಒಣಗಿಯೇ ಇದ್ದವು. ಆಮೇಲೆ, ಎಷ್ಟೆಂದರೂ ಮಾತಿಗೆ ತಪ್ಪದ ಮನುಷ್ಯ, ಉಸಿರು ದಬ್ಬಿ ಬಲಗೈಯನ್ನು ಆಕಾಶಕ್ಕೆತ್ತಿದ.

"ಅಲ್ಲಿ ನಿಮ್ಮ ಕಡೆಯವರೇನೋ ಕೈ ಎತ್ತಿದಾರೆ," ಎಂದ ಜೌಗಿನಲ್ಲಿದ್ದವನು. "ನಮ್ಮನ್ನ ಎಳೆಯೋಕೆ ಬರ್ತಾರಾ?"

ಮ್ಯೂರಿಯಲ್ ಆ ಕೈಯನ್ನೇ ನೋಡುತ್ತ ನಿಂತಳು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಸರು ಬಳಿದುಕೊಂಡಳು.

"ಅದು ನಮಗಲ್ಲ, ನಮ್ಮಕ್ಕನಿಗೆ," ಎಂದಳು. "ಈಗ ಹತ್ತಿ. ಮೊದ್ಲು ನೀವು."

"ಛೆ, ಮೊದ್ಲು ನೀವು."