ಬೋರ್ಡು ಬಂದಿಲ್ಲ

“ಟೀವಿ ಬೋರ್ಡು ಇನ್ನೂ ಬಂದಿಲ್ಲ ಕಣಕ್ಕ, ಮುಂದಿನ್ ವಾರ ಬಾ,” ಎಂದ ಮಧುಗಿರಿಯ ರಿಪೇರಿ ಅಂಗಡಿಯ ಅಂಜಿನಮೂರ್ತಿ. ರಿಪೇರಿಗೆ ಕೊಟ್ಟ ಟೀವಿಗಾಗಿ ಪುರವರದಿಂದ ಬಸ್ಸಿನಲ್ಲಿ ಮೂರನೇ ಸಲ ಬಂದಿದ್ದ ಈರಕ್ಕ ಅವನ ಬೆನ್ನ ಹಿಂದೆ ನೋಡುತ್ತಿದ್ದಳು. ಅಲ್ಲಿದ್ದ ಟೀವಿಯಲ್ಲಿ, ಹೋದ ವರ್ಷ ತೀರಿಕೊಂಡ ಅವಳ ಅವ್ವ ಮೊಮ್ಮಗಳ ಮದುವೆಯ ಸೋಬಾನೆ ಹಾಡುತ್ತಿದ್ದಳು. ಟೀವಿಯ ಮೂಲೆಯಲ್ಲಿ ಆಯುಧಪೂಜೆಗೆ ಈರಕ್ಕನೇ ಇಟ್ಟ ಕುಂಕುಮದ ಬೊಟ್ಟಿತ್ತು. ಮನೆಯ ವಿಡಿಯೋಗಳೆಲ್ಲ ಇದ್ದ ಹಾರ್ಡ್‌ಡಿಸ್ಕನ್ನು ‘ಟೆಸ್ಟಿಂಗಿಗೆ ಬೇಕು’ ಎಂದು ಅವನೇ ಕೇಳಿ ಇಟ್ಟುಕೊಂಡಿದ್ದ. ಇಬ್ಬರು ಗಿರಾಕಿಗಳು ಟೀ ಕುಡಿಯುತ್ತ ಅವ್ವನನ್ನು ನೋಡುತ್ತಿದ್ದರು.

“ಕೆಟ್ಟೋಗಿರೋ ಟೀವೀಲಿ ನಮ್ಮವ್ವ ಹೆಂಗ್ಲಾ ಹಾಡ್ತಾವ್ಳೆ?”

ಅಂಜಿನಮೂರ್ತಿ ರಿಮೋಟಿಗೆ ಕೈ ಹಾಕಿದ.

“ಮುಟ್ಬೇಡ. ಹಾಡು ಮುಗೀಲಿ,” ಎಂದಳು ಈರಕ್ಕ. ಕೌಂಟರಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ, ಅವನ ತಲೆಯ ಮೇಲಿಟ್ಟಳು. “ಆಮೇಲೆ ಟೀವೀನ ಬಸ್‌ಸ್ಟ್ಯಾಂಡ್ ಗಂಟ ನೀನೇ ಹೊತ್ಕಂಡ್ ಬಾ.”