ಅಕ್ಕನ ಕಾರಿನ ಗಾಜು

ಅಂಗಡಿಯವನು ಮೂರು ತುಂಡು ಟಿಂಟ್ ಫಿಲ್ಮನ್ನು ಹಳದಿ ಸ್ಪೋರ್ಟ್ಸ್ ಕಾರಿನ ಕಿಟಕಿಗೆ ಒಂದೊಂದಾಗಿ ಒತ್ತಿ ಹಿಡಿದು ತೋರಿಸಿದ. ಮೊದಲನೆಯದು ತಿಳಿ, ಎರಡನೆಯದು ಅದಕ್ಕಿಂತ ಸ್ವಲ್ಪ ದಟ್ಟ, ಮೂರನೆಯದು ಕಾಡಿಗೆ ಕಪ್ಪು. ಅಕ್ಕ ಯೋಚನೆ ಕೂಡ ಮಾಡದೆ ಮೂರನೆಯದರ ಮೇಲೆ ಬೆರಳಿಟ್ಟಳು.

"ಅದನ್ನ ಹಾಕಿದ್ರೆ ಒಳಗಿರೋದು ಯಾರು ಅಂತ ನರಪಿಳ್ಳೆಗೂ ಗೊತ್ತಾಗಲ್ಲ ಕಣೇ," ಎಂದಳು ತಂಗಿ. "ಅರವತ್ತು ದಾಟಿದ ಮೇಲೆ ಇಂಥ ಕಾರು ತಗೊಂಡಿದ್ದು ನಾಲ್ಕು ಜನ ನೋಡಿ ಹೊಟ್ಟೆ ಉರ್ಕೊಳ್ಳಲಿ ಅಂತ ತಾನೆ? ಮುಸುಕು ಹಾಕ್ಕೊಂಡು ಹೋಗೋಕೆ ಬಸ್ಸೇ ಸಾಕಿತ್ತು."

ಅಕ್ಕ ನಕ್ಕಳು. ಮೂವತ್ತನಾಲ್ಕು ವರ್ಷ ಈಜುಕೊಳದ ದಂಡೆಯ ಮೇಲೆ ಸೀಟಿ ಊದುತ್ತಾ ನಿಂತವಳು ಅವಳು. ಟೋಪಿ ಹಾಕಿಕೋ ಎಂದರೆ ಮೂಗು ಮುರಿಯುತ್ತಿದ್ದಳು. ನಿವೃತ್ತಿಯಾದ ತಿಂಗಳೇ ಯಾರಿಗೂ ಹೇಳದೆ ಈ ಸೆಕೆಂಡ್ ಹ್ಯಾಂಡ್ ಕಾರು ತಂದು ತಂಗಿಯ ಮನೆ ಮುಂದೆ ನಿಲ್ಲಿಸಿ, ಬೀದಿಯವರೆಲ್ಲ ಹೊರಗೆ ಬರುವ ತನಕ ಹಾರ್ನ್ ಒತ್ತಿದ್ದಳು. ಇವತ್ತು ಬೆಳಿಗ್ಗೆ ಮಾತ್ರ ಫೋನಿನಲ್ಲಿ ಅವಳ ದನಿ ಚಿಕ್ಕದಾಗಿತ್ತು. "ಗಾಜಿಗೆ ಫಿಲ್ಮ್ ಹಾಕಿಸಬೇಕು. ಜೊತೆಗೆ ಬರ್ತೀಯಾ?"

"ಇಷ್ಟು ಕಪ್ಪು ಹಾಕೋಕೆ ಡಾಕ್ಟರ್ ಪತ್ರ ಬೇಕಾಗುತ್ತೆ ಮೇಡಂ. ಇಲ್ಲದಿದ್ರೆ ಪೊಲೀಸರು ನನ್ನನ್ನೂ ಬಿಡಲ್ಲ, ನಿಮ್ಮನ್ನೂ ಬಿಡಲ್ಲ," ಎಂದ ಅಂಗಡಿಯವನು.

ಅಕ್ಕ ಕೈಚೀಲದಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ಅವನು ಓದಿದ. ಓದುತ್ತಾ ಅವನ ಮುಖ ಮೆತ್ತಗಾಯಿತು. "ನಮ್ಮ ಚಿಕ್ಕಮ್ಮನಿಗೂ ಇದೇ ಇತ್ತು. ಬಿಸಿಲು ಬಿದ್ರೆ ಸಾಕು, ಮೈಯೆಲ್ಲ ಸುಟ್ಟ ಹಾಗಾಗಿ ಎರಡು ದಿನ ಮೇಲೇಳ್ತಿರಲಿಲ್ಲ. ನಿಮಗೆ ಎಷ್ಟು ದಿನದಿಂದ ಮೇಡಂ?"

"ಒಂಬತ್ತು ತಿಂಗಳು," ಎಂದಳು ಅಕ್ಕ, ತಂಗಿಯ ಕಡೆ ನೋಡದೆ.

ಅವನು ಕಾರನ್ನು ಒಳಗೆ ತೆಗೆದುಕೊಂಡು ಹೋದ. ಇಬ್ಬರೂ ಬೆಂಚಿನ ಮೇಲೆ ಕೂತರು. ಎದುರಿಗೆ ಅವನು ಗಾಜಿಗೆ ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಹಾಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಅಂಚಿಗೆ ತಳ್ಳುತ್ತಿದ್ದ. ತಂಗಿಗೆ ಒಂದೊಂದೇ ಹೊಳೆಯಿತು. ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ. ಕಾರು ಓಡಿಸೋಕೆ ಚೆನ್ನಾಗಿರುತ್ತೆ ಅಂತ ಹಾಕಿಕೊಂಡ ಕೈಗವಸು. ಮಧ್ಯಾಹ್ನದ ಊಟಕ್ಕೆ ಕರೆದಾಗಲೆಲ್ಲ "ರಾತ್ರಿ ಬರ್ತೀನಿ ಬಿಡು."

"ಒಂಬತ್ತು ತಿಂಗಳು! ನಾನೇನು ಬೀದೀಲಿ ಹೋಗೋಳಾ ನಿನಗೆ?"

"ಹೇಳೋಕೇ ಕರ್ಕೊಂಡು ಬಂದೆ ಕಣೇ ಚಿನಕುರಳಿ. ದಾರೀಲಿ ಹೇಳೋಣ ಅಂದ್ಕೊಂಡೆ. ನೀನು ಬಾಯಿಗೆ ಒಂದು ನಿಮಿಷ ರಜಾ ಕೊಟ್ಟಿದ್ರೆ ತಾನೆ."

ತಂಗಿಗೆ ನಗು ಬರಲಿಲ್ಲ. ಅವಳ ಕಣ್ಣ ಮುಂದೆ ಅಪ್ಪನ ಹಳೆಯ ಬೂದು ಕಾರು ನಿಂತಿತ್ತು. ಹಿಂದಿನ ಕಿಟಕಿಗಳಿಗೆ ಅಮ್ಮ ಹಳೇ ಮೇಜುಬಟ್ಟೆ ಕತ್ತರಿಸಿ ಪರದೆ ಹೊಲಿದಿದ್ದಳು, ಹುಡುಗಿಯರು ಕಪ್ಪಾಗಬಾರದೆಂದು. ಕಾರು ತಿರುವು ದಾಟುವುದೇ ತಡ, ಅಕ್ಕ ಪರದೆ ಸರಿಸಿ, ಹಿಡಿಕೆ ತಿರುಗಿಸಿ ಗಾಜು ಇಳಿಸಿ, ತೋಳನ್ನು ಹೊರಗೆ ಚಾಚುತ್ತಿದ್ದಳು. ರಜೆ ಮುಗಿಯುವ ಹೊತ್ತಿಗೆ ಅವಳ ಒಂದು ಕೈ ಒಬ್ಬರದು, ಇನ್ನೊಂದು ಕೈ ಇನ್ನೊಬ್ಬರದು ಎನ್ನುವ ಹಾಗಿರುತ್ತಿತ್ತು. ಅಮ್ಮ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಳು.

"ಇಳೀತಿದ್ದದ್ದು ಆ ಒಂದೇ ಗಾಜು. ದಾರೀಲಿ ಸೇತುವೆ ತನಕ ಆ ಕಿಟಕಿ ನಿಂದು, ಆಮೇಲೆ ನಂದು ಅಂತ ಒಪ್ಪಂದ ಇತ್ತು ನಮ್ಮಿಬ್ಬರಲ್ಲಿ," ಎಂದಳು ತಂಗಿ.

"ಇತ್ತು."

"ಸೇತುವೆ ಬರೋ ಹೊತ್ತಿಗೆ ಸರಿಯಾಗಿ ನಿನಗೆ ನಿದ್ದೆ. ಅಲ್ಲಾಡಿಸಿದ್ರೂ ಏಳ್ತಿರಲಿಲ್ಲ. ಮಲಗಿರೋಳನ್ನ ಎಬ್ಬಿಸಬೇಡ ಅಂತ ಅಪ್ಪ ನನಗೇ ಬೈತಿದ್ರು. ನಿಜ ಹೇಳು, ಒಂದು ದಿನನಾದ್ರೂ ನಿದ್ದೆ ಬಂದಿತ್ತಾ?"

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕುವವಳಂತೆ ಮೇಲೆ ನೋಡಿದಳು. "ಒಂದು ದಿನವೂ ಇಲ್ಲ."

ಆಗ ಇಬ್ಬರಿಗೂ ನಗು ಉಕ್ಕಿತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಅಂಗಡಿಯವನು ರಬ್ಬರ್ ಪಟ್ಟಿ ಹಿಡಿದುಕೊಂಡೇ ತಿರುಗಿ ನೋಡಿದ. ತಂಗಿ ಕಣ್ಣು ಒರೆಸಿಕೊಂಡಳು. ನಕ್ಕು ಬಂದ ನೀರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. "ಕಳ್ಳಿ," ಎಂದಳು. "ನಲವತ್ತೆಂಟು ವರ್ಷ ಬೇಕಾಯ್ತು ನಿನ್ನ ಬಾಯಿ ಬಿಡಿಸೋಕೆ."

ಕೆಲಸ ಮುಗಿದಾಗ ಕಾರು ಬೇರೆ ಯಾರದೋ ಎನಿಸುವಂತಿತ್ತು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ, ಸೂರ್ಯ ಮುಳುಗಿದ ಮೇಲಿನ ಹೊತ್ತಿನಷ್ಟು ತಂಪು ಬೆಳಕು. ಅಕ್ಕ ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟಳು. ಮುಂಗೈ ತುಂಬ ಕೆಂಪು ಕಲೆಗಳು. ತಂಗಿ ನೋಡಿದಳು, ಮುಖ ತಿರುಗಿಸಲಿಲ್ಲ.

ಅಂಗಡಿಯವನು ಬಾಗಿಲು ತೆರೆದು ಬಗ್ಗಿ, ಗಾಜು ಇಳಿಸುವ ಗುಂಡಿಗಳ ಮೇಲೆ ಕಾಗದದ ಟೇಪು ಅಂಟಿಸಿದ. "ಮೂರು ದಿನ ಗಾಜು ಇಳಿಸಬೇಡಿ ಮೇಡಂ. ಅಂಟು ಒಣಗಬೇಕು," ಎಂದು ಹೇಳಿ, ಹೊರಗೆ ನಿಂತು ಕೈ ಬೀಸಿದ.

ತಿರುಗಿ ಕೈ ಬೀಸಲು ಅಕ್ಕನ ಬೆರಳು ತಾನಾಗಿಯೇ ಗುಂಡಿಯ ಕಡೆ ಹೋಯಿತು. ಟೇಪು ತಗುಲಿ ಅಲ್ಲೇ ನಿಂತಿತು.

"ಮೂರು ದಿನ ನಮ್ಮನೇಲೇ ಇದ್ಬಿಡು," ಎಂದಳು ತಂಗಿ.

ಅಕ್ಕ ಕಾರು ಸ್ಟಾರ್ಟ್ ಮಾಡಿದಳು. ರಸ್ತೆಗೆ ಇಳಿದು ಎರಡು ಸಲ ಗೇರು ಬದಲಿಸಿದ ಮೇಲೆ, ಮುಂದೆಯೇ ನೋಡುತ್ತಾ ಕೇಳಿದಳು:

"ಮೂರೇ ದಿನಾನಾ?"