ಅಮಾವಾಸ್ಯೆಯ ನಿಂಬೆಹಣ್ಣು

ಡೀಸೆಲ್ ಕೊರತೆ ಬಿದ್ದು ಈಗ ವಾರಕ್ಕೆ ಗಾಡಿಗೊಂದೇ ತಂಬಿಗೆ ರೇಷನ್ನು. ಅಷ್ಟು ಡೀಸೆಲ್ಲಿಗೆ ಈರಣಗೌಡರ ಆನೆಗಾತ್ರದ ಟ್ರಕ್ಕು ಊರ ಅಗಸಿ ಬಾಗಿಲನ್ನೂ ದಾಟುತ್ತಿರಲಿಲ್ಲ. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಆದರೂ ಪ್ರತಿ ಅಮಾವಾಸ್ಯೆಗೆ ಗೌಡರು ಅದಕ್ಕೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದನ್ನು ಬಿಟ್ಟಿರಲಿಲ್ಲ.

ಮೊನ್ನೆ ಅವರ ಸೊಸೆಗೆ ಹೆರಿಗೆ ನೋವು ಬಂದಾಗ ಓಡಿದ್ದು ನೆರೆಮನೆಯ ದ್ಯಾಮವ್ವನ ಅಗ್ಗದ ಪಿಕಪ್ಪು, ಗೌಡರೇ ಒಮ್ಮೆ "ಆಟಿಗಿ ಸಾಮಾನು" ಎಂದು ನಕ್ಕಿದ್ದ ಗಾಡಿ. ಮಂಚದ ಸಮೇತ ಸೊಸೆಯನ್ನು ಆಸ್ಪತ್ರೆಗೆ ಮುಟ್ಟಿಸಿ, ಕೂಸಿನ ಸುದ್ದಿ ಹೊತ್ತು ಮರಳಿದರೂ ಟ್ಯಾಂಕಿಯಲ್ಲಿ ಡೀಸೆಲ್ ಉಳಿದಿತ್ತು.

ಇವತ್ತು ಅಮಾವಾಸ್ಯೆ. ನಿಂಬೆಹಣ್ಣು ಹಿಡಿದು ಬಂದ ಗೌಡರು ತಮ್ಮ ಟ್ರಕ್ಕನ್ನು ದಾಟಿ, ದ್ಯಾಮವ್ವನ ಪಿಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬ್ಯಾಡ್ರೀ ಗೌಡ್ರ, ಈ ಬಡ ಗಾಡಿಗೆ ಯಾರ ದೃಷ್ಟಿ ಬೀಳ್ತೈತ್ರಿ?" ದ್ಯಾಮವ್ವ ನಕ್ಕಳು.

ಗೌಡರು ಗಂಟು ಬಿಗಿದರು. "ನಂದ ಬಿದ್ದೈತಿ, ತಂಗಿ."